ಫ್ರಾಂಕ್ಲಿನನು ವರ್ತಕನಾದ ರೀತಿ

ಕೈಕೆಲಸವನ್ನು ಚೆನ್ನಾಗಿ ಬಲ್ಲವನು ಅಂಗಡಿಯನ್ನೂ ಚೆನ್ನಾಗಿ ನಡಿಸುವನೆಂದು ಎಣಿಸುವದು ನಮ್ಮಲ್ಲಿ ಸಾಮಾನ್ಯವಾದ ತಪ್ಪು. ಒಳ್ಳೇ ನೇಕಾರನೊಬ್ಬನು ಸಾಲ ಮಾಡಿ ಬಟ್ಟೆಯಂಗಡಿ ಇಡುತ್ತಾನೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬಾಗಿಲು ಮುಚ್ಚಿ ಕೂಲಿಗೆ ಹೊರಡುತ್ತಾನೆ. ಊರವರು ಅದನ್ನು ಹಣೇಬರಹವೆನ್ನುತ್ತಾರೆ. ಆದರೆ ದೋಷವು ಅವನ ಮಗ್ಗದಲ್ಲಿರಲಿಲ್ಲ, ಲೆಕ್ಕದ ಪುಸ್ತಕದಲ್ಲಿತ್ತು. ಇಲ್ಲವೆ ಅಂಥ ಪುಸ್ತಕವೇ ಇರಲಿಲ್ಲ. ನೇಯುವದು ಒಂದು ವಿದ್ಯೆ, ಮಾರುವದು ಮತ್ತೊಂದು, ಲೆಕ್ಕವಿಡುವದು ಇನ್ನೊಂದು, ಪಾಲುಗಾರನೊಡನೆ ಬಾಳುವದು ಬೇರೆಯೇ ಒಂದು. ಪ್ರಿಯ ವಾಚಕರೇ, ಇವುಗಳನ್ನು ಒಂದೊಂದಾಗಿ, ಕೆಲವನ್ನು ಬಹಳ ಕಷ್ಟನಷ್ಟಪಟ್ಟು, ಕಲಿತುಕೊಂಡ ಒಬ್ಬ ಅಚ್ಚುಕೂಟದವನ ಚರಿತ್ರೆಯನ್ನು ಈ ಸಾರಿ ಹೇಳುತ್ತೇವೆ. ಆತನು ಗಾಳಿಪಟದಿಂದ ಮಿಂಚನ್ನು ಪರೀಕ್ಷಿಸಿದ್ದನ್ನೂ ಅಮೇರಿಕದ ಸಂಯುಕ್ತ ಸಂಸ್ಥಾನಗಳ ಸ್ಥಾಪಕರಲ್ಲಿ ಒಬ್ಬನಾದದ್ದನ್ನೂ ಶಾಲೆಯ ಮಕ್ಕಳು ಕೂಡ ಬಲ್ಲರು. ಆ ಸಂಗತಿಗಳನ್ನು ಇಲ್ಲಿ ಬಿಟ್ಟುಬಿಡುತ್ತೇವೆ.

ಬೆಂಜಮಿನ್ ಫ್ರಾಂಕ್ಲಿನನು 1706ನೇ ಜನವರಿ 17ರಂದು ಬೋಸ್ಟನ್ ಪಟ್ಟಣದಲ್ಲಿ ಹುಟ್ಟಿದನು. ತಂದೆಯಾದ ಜೋಸೈಯನಿಗೆ ಇಬ್ಬರು ಹೆಂಡತಿಯರಿಂದ, ಒಬ್ಬಳು ತೀರಿದ ಮೇಲೆ ಮತ್ತೊಬ್ಬಳಿಂದ, 17 ಮಂದಿ ಮಕ್ಕಳಾದರು. ಗಂಡುಮಕ್ಕಳಲ್ಲಿ ಬೆಂಜಮಿನನೇ ಕಿರಿಯವನು. ಈ ಜೋಸೈಯನು ಇಂಗ್ಲೆಂಡಿನಲ್ಲಿದ್ದಾಗ ಬಟ್ಟೆಗೆ ಬಣ್ಣ ಹಾಕುವ ಕಸುಬಿನವನು. ಹೊಸ ದೇಶಕ್ಕೆ ಬಂದು ನೋಡಿದರೆ ಬಣ್ಣದ ಬಟ್ಟೆ ಕೇಳುವವರು ಅಲ್ಲಿ ಕೊಂಚವೇ ಜನ. ಅದರಿಂದ ಸಂಸಾರ ಸಾಗದು. ಆಗ ಅವನು ಕಲಿತ ಕಸುಬನ್ನು ಬಿಟ್ಟು, ಎಲ್ಲರ ಮನೆಗೂ ಬೇಕಾದ ಕೊಬ್ಬಿನ ಬತ್ತಿಯನ್ನೂ ಸಾಬೂನನ್ನೂ ಮಾಡತೊಡಗಿದನು. ತಾನು ಬಲ್ಲದ್ದನ್ನು ಅಲ್ಲ, ಊರಿಗೆ ಬೇಕಾದದ್ದನ್ನು ಮಾರಬೇಕೆಂಬದು ಆ ಮನೆಯಲ್ಲಿ ಮಗನು ಹುಟ್ಟುವದಕ್ಕೆ ಮುಂಚೆಯೇ ತಿಳಿದಿದ್ದ ಮಾತು.

ಹುಡುಗನನ್ನು ಬೋಧಕನನ್ನಾಗಿ ಮಾಡಬೇಕೆಂದು ತಂದೆಯ ಮನಸ್ಸಿನಲ್ಲಿತ್ತು. ಖರ್ಚಿಗೆ ಅಂಜಿ ಆ ಯೋಚನೆಯನ್ನು ಬಿಟ್ಟನು. ಶಾಲೆಯಲ್ಲಿ ಬೆಂಜಮಿನನು ಬರವಣಿಗೆಯನ್ನು ಬೇಗ ಕಲಿತನು, ಗಣಿತದಲ್ಲಿ ಮಾತ್ರ ತಪ್ಪಿದನು. ಹತ್ತನೆಯ ವಯಸ್ಸಿನಲ್ಲಿ ಬತ್ತಿಯ ಅಂಗಡಿಗೆ ಬಂದು, ನೂಲು ಕತ್ತರಿಸುವದು, ಅಚ್ಚು ತುಂಬುವದು, ಹೇಳಿದಲ್ಲಿಗೆ ಓಡುವದು ಇವೇ ಮೊದಲಾದ ಕೆಲಸಗಳಿಗೆ ನಿಂತನು. ಅದು ಅವನಿಗೆ ಹಿಡಿಸಲಿಲ್ಲ. ಸಮುದ್ರಕ್ಕೆ ಓಡಿಹೋದಾನೆಂದು ತಂದೆಗೆ ಭಯವಾಯಿತು. ಆಗ ತಂದೆ ಮಾಡಿದ್ದು ಜಾಣತನದ ಕೆಲಸ. ಮಗನನ್ನು ಹೊಡೆದು ಬಡಿದು ಕೂರಿಸದೆ, ಕೈಹಿಡಿದು ಪಟ್ಟಣದೊಳಗೆ ನಡಿಸಿಕೊಂಡು ಹೋಗಿ, ಬಡಗಿ, ಗಾರೆಯವ, ಕಂಚುಗಾರ ಮುಂತಾದವರು ಕೆಲಸ ಮಾಡುವ ಸ್ಥಳಗಳನ್ನು ತೋರಿಸಿ, ಅವನ ಮನಸ್ಸು ಯಾವದರ ಕಡೆಗೆ ವಾಲುತ್ತದೆಂದು ಸುಮ್ಮನೆ ನೋಡಿದನು. ಚೂರಿ ಕತ್ತರಿ ಮಾಡುವ ನಂಟನೊಬ್ಬನ ಬಳಿಯಲ್ಲಿ ಕೆಲವು ದಿನ ಬಿಟ್ಟನು. ಆತನು ಕಲಿಸುವದಕ್ಕೆ ಹಣ ಕೇಳಿದ್ದರಿಂದ ಅದು ಮುರಿದುಹೋಯಿತು. ಹುಡುಗನಿಗೆ ಪುಸ್ತಕಗಳ ಮೇಲೆ ಬಹಳ ಪ್ರೀತಿ ಇದ್ದದ್ದರಿಂದ ಕಡೆಗೆ ಅಣ್ಣನಾದ ಜೇಮ್ಸನ ಅಚ್ಚುಕೂಟದಲ್ಲಿ ಸೇರಿಸಿದರು. 1718ರಲ್ಲಿ, ಹನ್ನೆರಡು ವರುಷದ ಆ ಹುಡುಗನು 21 ವರುಷ ತುಂಬುವ ವರೆಗೆ ಅಣ್ಣನ ಕೈಕೆಳಗೆ ದುಡಿಯುವೆನೆಂದು ಕರಾರು ಪತ್ರಕ್ಕೆ ರುಜು ಹಾಕಿದನು. ಕೂಲಿ ಸಿಕ್ಕುವದು ಕಡೇ ವರುಷದಲ್ಲಿ ಮಾತ್ರ.

ಕೂಲಿಯಿಲ್ಲದಿದ್ದರೂ ಅವನು ಮೂಲಧನ ಕೂಡಿಸುವ ದಾರಿಯನ್ನು ಕಂಡುಕೊಂಡನು. ಹದಿನಾರನೆಯ ವಯಸ್ಸಿನಲ್ಲಿ ಮಾಂಸಾಹಾರವನ್ನು ಬಿಟ್ಟು, ಅಣ್ಣನು ತನ್ನ ಊಟಕ್ಕಾಗಿ ಕೊಡುವ ಹಣದಲ್ಲಿ ಅರ್ಧವನ್ನು ತನ್ನ ಕೈಗೇ ಕೊಟ್ಟರೆ ತಾನೇ ಅಡಿಗೆ ಮಾಡಿಕೊಳ್ಳುವೆನೆಂದು ಹೇಳಿದನು. ಅಣ್ಣನು ಸಂತೋಷವಾಗಿ ಒಪ್ಪಿದನು. ಆ ಅರ್ಧದಲ್ಲಿಯೂ ಅರ್ಧವು ಉಳಿಯಿತು, ಅದೆಲ್ಲ ಪುಸ್ತಕಗಳಿಗೆ ಹೋಯಿತು. ಶಾಲೆಯಲ್ಲಿ ಬಾರದ ಗಣಿತವನ್ನು ಅದೇ ಕಾಲದಲ್ಲಿ, ಒಂದು ಪುಸ್ತಕವನ್ನಿಟ್ಟುಕೊಂಡು, ಯಾರ ಸಹಾಯವೂ ಇಲ್ಲದೆ ಮೊದಲಿಂದ ಕಡೇ ವರೆಗೆ ಕಲಿತು ಮುಗಿಸಿದನು. ಗಣಿತವು ಬಾರದೆ ಇದ್ದದ್ದು ಬುದ್ಧಿಯ ಕೊರತೆಯಿಂದಲ್ಲ, ಅದರ ಅಗತ್ಯವು ಅವನಿಗೆ ಆ ವರೆಗೆ ತಿಳಿಯದೆ ಇದ್ದದರಿಂದಲೇ ಎಂದು ನಮಗೆ ತೋರುತ್ತದೆ.

ಅಣ್ಣತಮ್ಮಂದಿರು ಸಮಾಧಾನವಾಗಿರಲಿಲ್ಲ. ಅಣ್ಣನು ಹೊಡೆಯುತ್ತಿದ್ದನು, ತಮ್ಮನ ನಾಲಿಗೆಯೂ ಚುರುಕಾಗಿತ್ತು. ಜೇಮ್ಸನ ವರ್ತಮಾನ ಪತ್ರಿಕೆಯು ಸರಕಾರದವರ ಸಿಟ್ಟಿಗೆ ಗುರಿಯಾಗಿ, ಅವನು ಅದನ್ನು ಅಚ್ಚು ಹಾಕಬಾರದೆಂದು ಅಪ್ಪಣೆಯಾದಾಗ, ಪತ್ರಿಕೆಯನ್ನು ತಮ್ಮನ ಹೆಸರಿನಲ್ಲಿ ಹೊರಡಿಸಿದರು. ಅದಕ್ಕಾಗಿ ಹಳೇ ಕರಾರು ಪತ್ರವನ್ನು ಬಿಡುಗಡೆ ಬರೆದು ಹಿಂದಕ್ಕೆ ಕೊಟ್ಟು, ಹೊಸದೊಂದನ್ನು ಗುಟ್ಟಾಗಿ ಬರೆಸಿಕೊಂಡರು. ಗುಟ್ಟಿನ ಪತ್ರವನ್ನು ಅಣ್ಣನು ಸಭೆಗೆ ತರಲಾರನೆಂದು ತಿಳಿದ ತಮ್ಮನು 1723ರಲ್ಲಿ, 17ನೆಯ ವಯಸ್ಸಿನಲ್ಲಿ, ಓಡಿಹೋದನು. ಇದು ನ್ಯಾಯವಾದ ಕೆಲಸವಾಗಿರಲಿಲ್ಲ. ಆತನೂ ವೃದ್ಧಾಪ್ಯದಲ್ಲಿ ಬರೆದ ಆತ್ಮಚರಿತ್ರೆಯಲ್ಲಿ ಇದನ್ನು ತನ್ನ ಬಾಳಿನ ಅಚ್ಚಿನ ತಪ್ಪುಗಳಲ್ಲಿ ಒಂದೆಂದು ಎಣಿಸಿದ್ದಾನೆ. ಬಹಳ ವರುಷಗಳ ಮೇಲೆ ಜೇಮ್ಸನು ತೀರಿದಾಗ, ಅವನ ಮಗನನ್ನು ಶಾಲೆಗೆ ಕಳುಹಿಸಿ, ಕಸುಬು ಕಲಿಸಿ, ಹೊಸ ಮೊಳೆಗಳನ್ನು ಕೊಟ್ಟು, ಆ ಬಾಕಿಯನ್ನು ತೀರಿಸಿದನು.

ನ್ಯೂಯಾರ್ಕಿನಲ್ಲಿ ಕೆಲಸ ಸಿಕ್ಕಲಿಲ್ಲ. ಅಲ್ಲಿನ ಮುದುಕನಾದ ಬ್ರಾಡ್‌ಫರ್ಡನು, ಫಿಲದೆಲ್ಫಿಯದಲ್ಲಿ ತನ್ನ ಮಗನು ಅಚ್ಚುಕೂಟವಿಟ್ಟಿದ್ದಾನೆ, ಅಲ್ಲಿಗೆ ಹೋಗಿ ನೋಡೆಂದನು. (ಪ್ರಕಟನೆಯ ಪುಸ್ತಕದ ಏಳು ಸಭೆಗಳಲ್ಲಿ ಒಂದರ ಹೆಸರನ್ನೇ ಈ ಪಟ್ಟಣಕ್ಕೂ ಇಟ್ಟಿದ್ದರು.) ಮಳೆಯಲ್ಲಿ ನೆನೆಯುತ್ತಾ, ದೋಣಿಯ ಹುಟ್ಟು ಹಾಕುತ್ತಾ ಅವನು ಅಲ್ಲಿಗೆ ಸೇರಿದಾಗ ಕೈಯಲ್ಲಿ ಇದ್ದದ್ದು ಒಂದು ಡಾಲರು, ಸುಮಾರು ಒಂದು ಶಿಲಿಂಗಿನಷ್ಟು ತಾಮ್ರದ ಕಾಸು. ಕಾಸನ್ನು ದೋಣಿಯವರಿಗೆ ಕೊಟ್ಟುಬಿಟ್ಟನು. ಬ್ರಾಡ್‌ಫರ್ಡನ ಮಗನಲ್ಲಿಯೂ ಸ್ಥಳವಿರಲಿಲ್ಲ. ಆದರೆ ಕೈಮರನೆಂಬವನು ಅದೇ ಊರಿನಲ್ಲಿ ಹೊಸದಾಗಿ ಅಚ್ಚುಕೂಟ ತೆರೆದಿದ್ದನು. ಕುದುರೆಯೇರಿ ಮೊದಲೇ ಊರಿಗೆ ಬಂದಿದ್ದ ಆ ಮುದುಕನು ತಾನೇ ಹುಡುಗನನ್ನು ಅವನ ಹತ್ತಿರಕ್ಕೆ ಕರೆದುಕೊಂಡು ಹೋದನು. ತನ್ನ ಎದುರಾಳಿಯ ತಂದೆಯೇ ಮುಂದೆ ಕೂತಿದ್ದಾನೆಂದು ಕೈಮರನಿಗೆ ಗೊತ್ತಿಲ್ಲ. ಊರವರಲ್ಲಿ ಯಾರೋ ಹಿತಚಿಂತಕನೆಂದು ನೆನಸಿ, ಮುದುಕನು ಮೆಲ್ಲನೆ ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರ ಕೊಡುತ್ತಾ, ಊರಿನ ಕೆಲಸದ ಬಹುಭಾಗವನ್ನು ತಾನು ಹೇಗೆ ಹಿಡಿದುಕೊಳ್ಳುವೆನು, ಯಾರ ಬೆಂಬಲವಿದೆ, ಎಲ್ಲವನ್ನೂ ಬಿಚ್ಚಿ ಹೇಳಿದನು. ಪಕ್ಕದಲ್ಲಿ ನಿಂತು ಕೇಳುತ್ತಿದ್ದ ಫ್ರಾಂಕ್ಲಿನನಿಗೆ ಒಬ್ಬನು ಹಳೇ ಹುಲಿ, ಇನ್ನೊಬ್ಬನು ಹಸುಳೆ ಎಂದು ಆಗಲೇ ತಿಳಿಯಿತು. ಆದರೆ ಕಣ್ಣಾರೆ ಕಂಡ ಪಾಠವೂ ಒಂದೇ ಸಾರಿಗೆ ತಲೆಗೆ ಹತ್ತುವದಿಲ್ಲ. ಅದನ್ನು ಮುಂದೆ ಹೇಳುತ್ತೇವೆ.

ಕೈಮರನ ಯಂತ್ರವು ಮುರುಕು, ಮೊಳೆಗಳು ಸವೆದುಹೋದವು. ಕೈಮರನಿಗೆ ಮೊಳೆ ಜೋಡಿಸುವದು ಬರುತ್ತಿತ್ತು, ಅಚ್ಚು ಒತ್ತುವದು ಬಾರದು. ಇಂಥವರ ನಡುವೆ ಬಲ್ಲ ಕೆಲಸಗಾರನು ಬೇಗನೆ ಕಣ್ಣಿಗೆ ಬಿದ್ದನು. ಆ ಪ್ರಾಂತದ ಗವರ್ನರನಾದ ಸರ್ ವಿಲಿಯಂ ಕೀತನು ಹುಡುಗನನ್ನು ಕರೆಯಿಸಿ, ನೀನೇ ಸ್ವಂತವಾಗಿ ಅಚ್ಚುಕೂಟವಿಡು, ಸರಕಾರದ ಕೆಲಸವನ್ನೆಲ್ಲ ಕೊಡಿಸುವೆನೆಂದು ಹೇಳಿ, ತಂದೆಗೆ ದೊಡ್ಡ ಪತ್ರವನ್ನು ಬರೆದುಕೊಟ್ಟನು. 1724ರಲ್ಲಿ ಫ್ರಾಂಕ್ಲಿನನು ಬೋಸ್ಟನಿಗೆ ಹೋದನು. ತಂದೆ ಪತ್ರವನ್ನು ಓದಿ, ಹದಿನೆಂಟು ವರುಷದವನ ಕೈಯಲ್ಲಿ ಇಷ್ಟು ದೊಡ್ಡ ವ್ಯವಹಾರವನ್ನು ಇಡಬೇಕೆಂಬ ಗವರ್ನರನಿಗೆ ವಿವೇಕ ಕಡಿಮೆಯೆಂದು ತಿಳುಕೊಂಡು, ಹಣ ಕೊಡಲಿಲ್ಲ. ಆದರೂ 21 ವರುಷಕ್ಕೆ ಮಗನು ತಾನೇ ಸಾಕಷ್ಟನ್ನು ಉಳಿಸಿದರೆ, ಕಡಿಮೆಬಿದ್ದದ್ದನ್ನು ತಾನು ತುಂಬುವೆನೆಂದು ಮಾತು ಕೊಟ್ಟನು. ಗವರ್ನರನ ಮಾತಿಗಿಂತಲೂ ಬತ್ತಿ ಮಾರುವವನ ಈ ಮಾತು ಹೆಚ್ಚು ಬೆಲೆಯುಳ್ಳದ್ದೆಂದು ಹುಡುಗನಿಗೆ ಆಗ ತೋರಲಿಲ್ಲ.

ಹಿಂತಿರುಗುವಾಗ ದಾರಿಯಲ್ಲಿ ಇನ್ನೊಂದು ಉರುಲು ಕಾದಿತ್ತು. ವರ್ನನ್ ಎಂಬವನು ತನಗೆ ಪೆನ್ಸಿಲ್ವೇನಿಯದಲ್ಲಿ ಬರಬೇಕಾದ 35 ಪೌಂಡು ಸಾಲವನ್ನು ವಸೂಲುಮಾಡಿ, ತಾನು ಹೇಳುವ ತನಕ ಇಟ್ಟುಕೊಂಡಿರಬೇಕೆಂದು ಅವನಿಗೆ ಒಪ್ಪಿಸಿದನು. ಫ್ರಾಂಕ್ಲಿನನು ವಸೂಲುಮಾಡಿದನು; ಆದರೆ ಜೊತೆಗಿದ್ದ ಕಾಲಿನ್ಸನೆಂಬ ಬಾಲ್ಯಸ್ನೇಹಿತನು ಕುಡುಕನಾಗಿ, ಇಂದು ಇಷ್ಟು ನಾಳೆ ಇಷ್ಟು ಎಂದು ಸಾಲ ಕೇಳುತ್ತಾ, ಆ ಹಣವನ್ನೇ ಕರಗಿಸಿಬಿಟ್ಟು, ಕಡೆಗೆ ಬಾರ್ಬಡೋಸ್ ದ್ವೀಪಕ್ಕೆ ಹೋದವನು ತಿರಿಗಿ ಮುಖ ತೋರಿಸಲಿಲ್ಲ. ವರ್ನನನು ಯಾವಾಗ ಕೇಳುವನೋ ಎಂಬ ಭಯವು ಫ್ರಾಂಕ್ಲಿನನಿಗೆ ವರುಷಗಟ್ಟಲೆ ನಿದ್ರೆಯ ಮುಳ್ಳಾಗಿತ್ತು. ಪರರ ಹಣವನ್ನು ತನ್ನ ಹಣದ ಚೀಲದಲ್ಲಿ ಬೆರಸಿಡುವವನ ಪಾಡು ಇದೇ. ಸಂಘದ ಪೆಟ್ಟಿಗೆಯ ಬೀಗದ ಕೈ ಯಾರ ವಶದಲ್ಲಿದೆಯೋ ಅವರು ಈ ಸ್ಥಳವನ್ನು ಎರಡು ಸಾರಿ ಓದಲಿ.

ಗವರ್ನರನು ಹಿಂಜರಿಯದೆ, ಹಾಗಾದರೆ ಹಣವನ್ನು ನಾನೇ ಹಾಕುವೆನೆಂದನು. ಫ್ರಾಂಕ್ಲಿನನು ಬೇಕಾದ ಸಾಮಾನುಗಳ ಪಟ್ಟಿ ಮಾಡಿದನು. ಸುಮಾರು 100 ಪೌಂಡು ಆಯಿತು. ಲಂಡನ್ನಿಗೆ ನೀನೇ ಹೋಗಿ ಮೊಳೆಗಳನ್ನು ಆರಿಸು, ಹಣ ಕೊಡುವಂತೆ ಪತ್ರ ಕೊಡುತ್ತೇನೆಂದು ಗವರ್ನರನು ಹೇಳಿ, ಇಂದು ಬಾ ನಾಳೆ ಬಾ ಎಂದು ಅಲೆಸಿ, ಕಡೆಗೆ ಪತ್ರಗಳು ಹಡಗಿನ ಚೀಲದಲ್ಲಿವೆಯೆಂದು ತಿಳಿಸಿದನು. 1724ನೇ ದಶಂಬರ 24ರಂದು ಲಂಡನ್ನಿನಲ್ಲಿ ಚೀಲ ಬಿಚ್ಚಿ ನೋಡಿದರೆ ಅಂಥ ಪತ್ರ ಒಂದೂ ಇರಲಿಲ್ಲ. ಗವರ್ನರನು ಎಲ್ಲರಿಗೂ ಸಿಹಿ ಮಾತು ಕೊಡುವವನು, ಕೊಡುವದಕ್ಕೆ ಬೇರೆ ಏನೂ ಇಲ್ಲದವನು. ಅವನ ಪತ್ರದ ಮೇಲೆ ಸಾಲ ಕೊಡುವವರು ಲಂಡನ್ನಿನಲ್ಲಿ ಒಬ್ಬರೂ ಇಲ್ಲ. ಇದನ್ನು ಅವನಿಗೆ ತಿಳಿಸಿದವನು ಹಡಗಿನಲ್ಲಿ ಪರಿಚಯವಾಗಿದ್ದ ಡೆನ್‌ಹಾಮ್ ಎಂಬ ವರ್ತಕನು.

ಈ ಡೆನ್‌ಹಾಮನ ಸಂಗತಿಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಅವನು ಹಿಂದೆ ಬ್ರಿಸ್ಟಲ್ ಪಟ್ಟಣದಲ್ಲಿ ವ್ಯಾಪಾರ ಮಾಡಿ, ಮುಳುಗಿ, ಸಾಲ ಕೊಟ್ಟವರೊಡನೆ ಅಷ್ಟಿಷ್ಟಕ್ಕೆ ರಾಜಿಯಾಗಿ, ಅಮೇರಿಕಕ್ಕೆ ಹೊರಟುಹೋದವನು. ಅಲ್ಲಿ ಕೆಲವು ವರುಷ ಬಹಳ ಕಷ್ಟಪಟ್ಟು ದೊಡ್ಡ ಆಸ್ತಿಯನ್ನು ಸಂಪಾದಿಸಿದನು. ಫ್ರಾಂಕ್ಲಿನನಿದ್ದ ಹಡಗಿನಲ್ಲಿಯೇ ಇಂಗ್ಲೆಂಡಿಗೆ ತಿರಿಗಿ ಬಂದು, ಹಳೇ ಸಾಲಗಾರರನ್ನೆಲ್ಲ ಊಟಕ್ಕೆ ಕರೆದು, ತನ್ನನ್ನು ಸುಲಭವಾಗಿ ಬಿಟ್ಟದ್ದಕ್ಕಾಗಿ ವಂದನೆ ಹೇಳಿದನು. ಅವರು ಊಟದ ಹೊರತು ಬೇರೇನನ್ನೂ ನಿರೀಕ್ಷಿಸಿರಲಿಲ್ಲ. ಮೊದಲಿನ ತಟ್ಟೆಗಳನ್ನು ತೆಗೆಯುವಾಗ ಒಬ್ಬೊಬ್ಬನ ತಟ್ಟೆಯ ಕೆಳಗೂ ಒಂದೊಂದು ಚೀಟಿ ಕಂಡಿತು: ಉಳಿದ ಸಾಲವನ್ನೆಲ್ಲ ಬಡ್ಡಿ ಸಹಿತವಾಗಿ ಕೊಡುವಂತೆ ಬೇಂಕಿನವನಿಗೆ ಬರೆದ ಹುಂಡಿ ಅದು. ಕಾನೂನಿನ ಮೇರೆಗೆ ಅವನು ಒಂದು ಕಾಸನ್ನೂ ಕೊಡಬೇಕಾಗಿರಲಿಲ್ಲ.

ಇಂಥವನು ಹೇಳಿದ ಬುದ್ಧಿಯನ್ನು ಫ್ರಾಂಕ್ಲಿನನು ಕೇಳಿದನು. ಅತ್ತು ಕೂರದೆ ಲಂಡನ್ನಿನ ದೊಡ್ಡ ಅಚ್ಚುಕೂಟಗಳಲ್ಲಿ ಕೂಲಿಗೆ ಸೇರಿ, ಕೆಲಸದಲ್ಲಿ ಇನ್ನಷ್ಟು ಪಳಗಬೇಕೆಂಬದೇ ಆ ಬುದ್ಧಿ. ಒಂದೂವರೆ ವರುಷ ಅಲ್ಲಿ ದುಡಿದನು. ಜೊತೆಯವರು ಶಕ್ತಿ ಬರುವದೆಂದು ಹೊತ್ತುಹೊತ್ತಿಗೆ ಬಿಯರ್ ಕುಡಿದು, ಶನಿವಾರದ ಕೂಲಿಯಿಂದ ನಾಲ್ಕೈದು ಶಿಲಿಂಗನ್ನು ಆ ಬಾಕಿಗೇ ತೆತ್ತರು. ಅವನು ನೀರನ್ನು ಕುಡಿದು, ಅವರು ಎರಡು ಕೈಯಲ್ಲಿ ಒಂದು ಹೊರುವ ಮೊಳೆಯ ಚೌಕಟ್ಟನ್ನು ಕೈಗೊಂದರಂತೆ ಹೊತ್ತು ಮೆಟ್ಟಲೇರಿದನು. ಆದರೆ ನಾಟಕಗಳಿಗೂ, ತೀರಿಸದ ಒಬ್ಬ ಗೆಳೆಯನ ಸಾಲಕ್ಕೂ ಬಹಳ ಹಣ ಹೋದ್ದರಿಂದ ಅವನೂ ಅಲ್ಲಿ ಏನೂ ಕೂಡಿಸಲಿಲ್ಲವೆಂಬದನ್ನು ಮರೆಮಾಚಬಾರದು.

1726ರಲ್ಲಿ ಡೆನ್‌ಹಾಮನು ಫಿಲದೆಲ್ಫಿಯದಲ್ಲಿ ಅಂಗಡಿಯಿಡುವದಕ್ಕಾಗಿ ಸರಕು ತುಂಬಿಕೊಂಡು ಹೊರಟಾಗ, ಇವನನ್ನು ಗುಮಾಸ್ತನಾಗಿ ಕರೆದನು. ಸಂಬಳ ವರುಷಕ್ಕೆ 50 ಪೌಂಡು. ಮೊಳೆ ಜೋಡಿಸಿ ಗಳಿಸುತ್ತಿದ್ದದಕ್ಕಿಂತ ಕಡಿಮೆ. ಆದರೂ ಒಪ್ಪಿದನು. ಆ ಅಂಗಡಿಯಲ್ಲಿ ಆತನು ಕಲಿತದ್ದು ಯಾವ ಅಚ್ಚುಕೂಟದಲ್ಲಿಯೂ ಸಿಕ್ಕದ ವಿದ್ಯೆ: ಜಮಾ ಖರ್ಚಿನ ಪುಸ್ತಕಗಳನ್ನು ಸರಿಯಾಗಿ ಇಡುವದು, ಸರಕನ್ನು ಕೊಳ್ಳುವವನ ಮುಂದೆ ಇಟ್ಟು ಮಾರುವದು. ಕೆಲವೇ ತಿಂಗಳು ಕಳೆದು 1727ರ ಆರಂಭದಲ್ಲಿ ಇಬ್ಬರೂ ಕಾಯಿಲೆ ಬಿದ್ದರು. ಫ್ರಾಂಕ್ಲಿನನು ಸಾಯುವ ಹಾಗಿದ್ದು ಬದುಕಿದನು. ಡೆನ್‌ಹಾಮನು ಬಹಳ ಕಾಲ ನರಳಿ ತೀರಿಹೋದನು. ಆ ಕೆಲವು ತಿಂಗಳ ಲೆಕ್ಕದ ಅಭ್ಯಾಸವಿಲ್ಲದಿದ್ದರೆ ಮುಂದಿನ ಚರಿತ್ರೆ ಬೇರೆಯಾಗುತ್ತಿತ್ತೆಂದು ಹೇಳಲು ನಾವು ಹಿಂದೆಗೆಯುವದಿಲ್ಲ.

ಕೈಮರನು ಆತನನ್ನು ದೊಡ್ಡ ಸಂಬಳಕ್ಕೆ ತಿರಿಗಿ ಕರೆದನು. ಕಡಿಮೆ ಕೂಲಿಯ ಹೊಸಬರಿಗೆ ಇವನಿಂದ ಕೆಲಸ ಕಲಿಸಿ, ಆಮೇಲೆ ಇವನನ್ನು ತಳ್ಳಿಬಿಡಬೇಕೆಂಬ ಉಪಾಯವು ಫ್ರಾಂಕ್ಲಿನನಿಗೆ ಬೇಗನೆ ತಿಳಿದರೂ, ಮುನಿಯದೆ ದುಡಿದನು. ಆಗ ಅಮೇರಿಕದಲ್ಲಿ ಮೊಳೆ ಎರೆಯುವವರು ಯಾರೂ ಇರಲಿಲ್ಲ. ಒಂದು ಅಕ್ಷರದ ಮೊಳೆ ಕಡಿಮೆಯಾದರೆ ಇಂಗ್ಲೆಂಡಿನಿಂದ ಹಡಗು ಬರುವ ತನಕ ಕಾಯಬೇಕು. ಆತನು ಇದ್ದ ಮೊಳೆಗಳನ್ನೇ ಒತ್ತಿ ಅಚ್ಚು ಮಾಡಿ, ಸೀಸವನ್ನೆರೆದು ಕೊರತೆಯನ್ನು ತುಂಬಿದನು, ಮಸಿಯನ್ನು ಮಾಡಿದನು, ಉಗ್ರಾಣವನ್ನು ನೋಡಿಕೊಂಡನು. ನ್ಯೂಜೆರ್ಸಿಯ ಸರಕಾರದವರ ನೋಟುಗಳನ್ನು ಅಚ್ಚು ಹಾಕುವದಕ್ಕೆ ತಾಮ್ರದ ತಗಡಿನ ಯಂತ್ರವನ್ನು ಮಾಡಿ, ಬರ್ಲಿಂಗ್ಟನಿನಲ್ಲಿ ಮೂರು ತಿಂಗಳು ಇದ್ದು, ಅಲ್ಲಿನ ಅಧಿಕಾರಿಗಳ ಸ್ನೇಹವನ್ನು ಪಡೆದನು. ಯಜಮಾನನ ಕೆಲಸವನ್ನು ಮಾಡುತ್ತಲೇ ಯಜಮಾನನಾಗುವದನ್ನು ಕಲಿತನು.

ಅದೇ ಕೂಟದಲ್ಲಿ ಅಚ್ಚು ಒತ್ತುತ್ತಿದ್ದ ಹ್ಯೂ ಮೆರೆಡಿತನು, ತನ್ನ ತಂದೆ ಹಣ ಹಾಕಿದರೆ ನಾವಿಬ್ಬರೂ ಪಾಲುಗಾರರಾಗೋಣವೆಂದನು. ಹಣ ಅವನದು, ವಿದ್ಯೆ ಇವನದು, ಲಾಭ ಸಮಪಾಲು. ಮೆರೆಡಿತನು ಸುಮಾರು ಮೂವತ್ತು ವರುಷದವನು, ಪ್ರಾಮಾಣಿಕನು, ಆದರೆ ಕುಡಿತದವನು. ಗೆಳೆಯನ ಸಹವಾಸದಿಂದ ಅದು ಬಿಟ್ಟುಹೋಗುವದೆಂದು ತಂದೆಯ ಆಸೆ. ಲಂಡನ್ನಿನಿಂದ ಮೊಳೆಗಳು ಬಂದವು. 1728ರಲ್ಲಿ ಸಂತೆಯ ಬಳಿ ವರುಷಕ್ಕೆ 24 ಪೌಂಡಿನ ಬಾಡಿಗೆಗೆ ಮನೆ ಹಿಡಿದು, ಭಾರ ಕಡಿಮೆಯಾಗುವಂತೆ ಗಾಜು ಕೂರಿಸುವ ಒಬ್ಬನ ಸಂಸಾರವನ್ನು ಅದರಲ್ಲಿ ಇಟ್ಟುಕೊಂಡು, ಅವರ ಮನೆಯಲ್ಲೇ ಊಟ ಮಾಡಿದರು. ಮೊಳೆಗಳನ್ನು ಇನ್ನೂ ಬಿಚ್ಚುತ್ತಿರುವಾಗಲೇ, ಅಚ್ಚುಕೂಟವೆಲ್ಲಿದೆಯೆಂದು ಬೀದಿಯಲ್ಲಿ ಕೇಳುತ್ತಿದ್ದ ಹಳ್ಳಿಯವನೊಬ್ಬನನ್ನು ಪರಿಚಿತನೊಬ್ಬನು ಕರೆತಂದನು. ಕೈಯಲ್ಲಿದ್ದದ್ದೆಲ್ಲ ಖರ್ಚಾಗಿದ್ದ ಹೊತ್ತಿನಲ್ಲಿ ಬಂದ ಆ 5 ಶಿಲಿಂಗಿನ ಸಂತೋಷವನ್ನು, ಮುಂದೆ ಎಷ್ಟು ಗಳಿಸಿದರೂ ಫ್ರಾಂಕ್ಲಿನನು ಮರೆಯಲಿಲ್ಲ. ಹೊಸದಾಗಿ ಕಸುಬು ಆರಂಭಿಸುವ ಎಳೆಯರನ್ನು ಕಂಡರೆ ಆತನ ಕೈ ಮುಂದಾಗುತ್ತಿದ್ದದ್ದು ಇದರಿಂದಲೇ.

ಮೊದಲನೆಯ ದೊಡ್ಡ ಕೆಲಸವು ಕ್ವೇಕರ್ ಸಭೆಯವರ ಚರಿತ್ರೆಯ 40 ತಾವುಗಳು. ದಿನಕ್ಕೊಂದು ತಾವನ್ನು ಜೋಡಿಸುವೆನೆಂದು ಆತನು ತನಗೆ ತಾನೇ ಗೊತ್ತುಮಾಡಿಕೊಂಡನು. ಒಂದು ರಾತ್ರಿ ಕೆಲಸ ಮುಗಿಯಿತೆನ್ನುವಾಗ ಚೌಕಟ್ಟು ಒಡೆದು, ಎರಡು ಪುಟಗಳ ಮೊಳೆಗಳು ಚೆಲ್ಲಾಪಿಲ್ಲಿಯಾದವು. ಮಲಗದೆ ಅವುಗಳನ್ನು ಬಿಡಿಸಿ ಹೊಸದಾಗಿ ಜೋಡಿಸಿದ ಮೇಲೆಯೇ ದೀಪ ಆರಿಸಿದನು. ಊರಿನ ವರ್ತಕರು ತಮ್ಮ ಕೂಟದಲ್ಲಿ, ಎರಡು ಅಚ್ಚುಕೂಟಗಳಿರುವಾಗ ಮೂರನೆಯದು ಮುಳುಗುವದೇ ಸರಿಯೆಂದು ಮಾತಾಡಿಕೊಂಡರು. ವೈದ್ಯನೊಬ್ಬನು ಮಾತ್ರ, ತಾನು ರಾತ್ರಿ ಮನೆಗೆ ಹೋಗುವಾಗಲೂ ಬೆಳಿಗ್ಗೆ ನೆರೆಯವರು ಏಳುವ ಮುಂಚೆಯೂ ಆ ಹುಡುಗನು ಕೆಲಸದಲ್ಲಿರುವದನ್ನು ಕಂಡೆನೆಂದು ಸಾಕ್ಷಿ ಹೇಳಿದನು. ಸ್ವಲ್ಪ ದಿನದಲ್ಲಿಯೇ ಅವರಲ್ಲೊಬ್ಬನು ಬಂದು ಕಾಗದದ ಸರಕನ್ನು ಉದ್ದರಿಗೆ ಕೊಡುವೆನೆಂದನು. ಕೀತನ ದೊಡ್ಡ ಮುದ್ರೆಯ ಪತ್ರದಿಂದ ಸಿಕ್ಕದ ಸಾಲವು ಕಿಟಕಿಯ ದೀಪದಿಂದ ಸಿಕ್ಕಿತು.

ಹೀಗಿರಲಾಗಿ ವರ್ತಮಾನ ಪತ್ರಿಕೆಯೊಂದನ್ನು ತೆಗೆಯಬೇಕೆಂಬ ಯೋಚನೆ ಹುಟ್ಟಿತು. ಬ್ರಾಡ್‌ಫರ್ಡನ ಮಗನು ನಡಿಸುತ್ತಿದ್ದದ್ದು ಸಪ್ಪೆಯಾಗಿದ್ದರೂ ಲಾಭ ತರುತ್ತಿತ್ತು. ಈ ಗುಟ್ಟನ್ನು ಫ್ರಾಂಕ್ಲಿನನು ಕೆಲಸ ಕೇಳಲು ಬಂದ ಒಬ್ಬನ ಮುಂದೆ ಆಡಿಬಿಟ್ಟನು. ಅವನು ನೆಟ್ಟಗೆ ಹೋಗಿ ಕೈಮರನಿಗೆ ಹೇಳಿದನು. 1728ನೇ ದಶಂಬರದಲ್ಲಿ ಕೈಮರನ ಪತ್ರಿಕೆ ಮೊದಲೇ ಹೊರಟಿತು! ಐದು ವರುಷಗಳ ಹಿಂದೆ ಕೈಮರನು ಬಾಯಿಬಿಟ್ಟು ಕೆಟ್ಟದ್ದನ್ನು ಪಕ್ಕದಲ್ಲಿ ನಿಂತು ನೋಡಿದವನೇ ಅದೇ ಹೊಂಡಕ್ಕೆ ಬಿದ್ದನು. ಆದರೆ ಕೈಮರನಿಗೆ ನಡಿಸುವ ಬಲವಿರಲಿಲ್ಲ. ತೊಂಭತ್ತು ಚಂದಾದಾರರನ್ನೂ ದಾಟಲಾರದೆ 1729ರಲ್ಲಿ ಅಲ್ಪ ಕ್ರಯಕ್ಕೆ ಪತ್ರಿಕೆಯನ್ನು ಫ್ರಾಂಕ್ಲಿನನಿಗೇ ಮಾರಿದನು.

ಕೆಲಸ ಬೆಳೆಯುತ್ತಿರುವಾಗಲೇ ನೆಲ ಕುಸಿಯುವ ಹಾಗಾಯಿತು. ಮೆರೆಡಿತನ ತಂದೆ 100 ಪೌಂಡನ್ನು ಮಾತ್ರ ಕೊಟ್ಟಿದ್ದನು. ಇನ್ನೊಂದು 100 ಪೌಂಡು ಸರಕು ತರಿಸಿಕೊಟ್ಟ ವರ್ತಕನಿಗೆ ಬಾಕಿ ನಿಂತಿತ್ತು. ಅವನು ಕಾದು ಕಾದು ಮೂವರ ಮೇಲೆಯೂ ದಾವೆ ಹಾಕಿದನು. ಜಾಮೀನು ಸಿಕ್ಕಿತು, ಆದರೆ ವಾಯಿದೆಯೊಳಗೆ ಹಣ ಬಾರದಿದ್ದರೆ ತೀರ್ಪಾಗಿ, ಯಂತ್ರವೂ ಮೊಳೆಗಳೂ ಅರ್ಧ ಕ್ರಯಕ್ಕೆ ಹರಾಜಾಗಬೇಕು. ಹೆಚ್ಚುಕಡಿಮೆ ಇದೇ ಕಾಲದಲ್ಲಿ ವರ್ನನನ ನೆನಪಿನ ಪತ್ರವೂ ಬಂದಿತ್ತು. ಫ್ರಾಂಕ್ಲಿನನು ತಪ್ಪನ್ನು ಒಪ್ಪಿಕೊಂಡು ತಾಳ್ಮೆಗಾಗಿ ಬೇಡಿಕೊಂಡನು, ಅವನು ತಾಳಿದನು. ಕೈಲಾದ ಕೂಡಲೆ ಬಡ್ಡಿ ಸಹಿತ ತೀರಿಸಿದನು. ಪಾಲುಗಾರನಾದರೋ ಬೀದಿಯಲ್ಲಿ ಕುಡಿದು ತಿರುಗುತ್ತಾ, ಹೆಂಡದಂಗಡಿಗಳಲ್ಲಿ ಜೂಜಾಡುತ್ತಾ ಮಾನ ಕಳೆಯುತ್ತಿದ್ದನು.

ಆಗ ವಿಲಿಯಂ ಕೋಲ್ಮನ್, ರಾಬರ್ಟ್ ಗ್ರೇಸ್ ಎಂಬ ಇಬ್ಬರು ಗೆಳೆಯರು, ಒಬ್ಬರಿಗೆ ಒಬ್ಬರದು ತಿಳಿಯದೆ, ಕೇಳುವದಕ್ಕೆ ಮುಂಚೆಯೇ ಬಂದು, ಬೇಕಾದ ಹಣವೆಲ್ಲವನ್ನು ಕೊಡುವೆವು, ಆದರೆ ಈ ಪಾಲುಗಾರನನ್ನು ಬಿಡು ಎಂದರು. ಇಲ್ಲಿ ಫ್ರಾಂಕ್ಲಿನನ ನಡತೆಯನ್ನು ನೋಡಬೇಕು. ಮೆರೆಡಿತರು ತಮ್ಮ ಕರಾರನ್ನು ನೆರವೇರಿಸುವ ಆಸೆ ಇರುವ ವರೆಗೆ ತಾನಾಗಿ ಬಿಡುವದಿಲ್ಲ, ಅವರ ಉಪಕಾರ ತನ್ನ ಮೇಲಿದೆಯೆಂದು ಗೆಳೆಯರಿಗೆ ಹೇಳಿ, ಕೆಲವು ದಿನ ತಡೆದು, ಮೆರೆಡಿತನನ್ನೇ ಕೇಳಿದನು: ನಿನ್ನ ತಂದೆಗೆ ನನ್ನ ಮೇಲೆ ಅಸಮಾಧಾನವಿದ್ದರೆ ಹೇಳು, ಎಲ್ಲವನ್ನೂ ನಿನಗೇ ಬಿಟ್ಟು ಹೋಗುತ್ತೇನೆ. ಮೆರೆಡಿತನು ತಾನು ಹೊಲದ ಕೆಲಸದಲ್ಲಿ ಬೆಳೆದವನು, ಮೂವತ್ತು ವರುಷಕ್ಕೆ ಪಟ್ಟಣಕ್ಕೆ ಬಂದು ಹೊಸ ಕಸುಬಿಗೆ ಕೈಹಾಕಿದ್ದು ಹುಚ್ಚುತನವೆಂದು ತಾನೇ ಒಪ್ಪಿಕೊಂಡನು. ಕೂಟದ ಸಾಲವನ್ನು ನೀನು ಹೊತ್ತು, ತಂದೆಯ 100 ಪೌಂಡನ್ನು ಹಿಂದಕ್ಕೆ ಕೊಟ್ಟು, ನನ್ನ ಚಿಲ್ಲರೆ ಸಾಲ ತೀರಿಸಿ, 30 ಪೌಂಡೂ ಒಂದು ಹೊಸ ಜೀನೂ ಕೊಟ್ಟರೆ ಬಿಡುವೆನೆಂದನು. ಬಾಯಿಮಾತಿಗೆ ಬಿಡದೆ ಎಲ್ಲವನ್ನೂ ಬರೆದು ರುಜು ಹಾಕಿದರು. ಮೆರೆಡಿತನು ಕೆರೊಲಿನಕ್ಕೆ ಹೋಗಿ, ಅಲ್ಲಿಂದ ನೆಲ ಬೆಳೆಗಳ ವಿಷಯವಾಗಿ ಒಳ್ಳೇ ಪತ್ರಗಳನ್ನು ಬರೆದನು. ಫ್ರಾಂಕ್ಲಿನನು ಅವುಗಳನ್ನು ತನ್ನ ಪತ್ರಿಕೆಯಲ್ಲಿ ಅಚ್ಚು ಹಾಕಿದನು. ಜಗಳವಿಲ್ಲದೆ ಮುರಿದ ಪಾಲುಗಾರಿಕೆಯನ್ನು ನೀವು ಎಷ್ಟು ಕಂಡಿದ್ದೀರಿ? ಗೆಳೆಯರಿಬ್ಬರಿಂದಲೂ, ಒಬ್ಬನಿಗೂ ಬೇಸರವಾಗದಂತೆ, ಅರ್ಧ ಅರ್ಧ ಸಾಲ ತೆಗೆದುಕೊಂಡನು. ಇದು 1730ರಲ್ಲಿ ನಡೆಯಿತು. ಆಗ ಆತನಿಗೆ 24 ವರುಷ.

ಅದೇ ವರುಷ ಡೆಬೋರಳು ಆತನ ಮನೆಗೆ ಹೆಂಡತಿಯಾಗಿ ಬಂದಳು. ಅವಳು ಪುಸ್ತಕಗಳನ್ನು ಮಡಚಿ ಹೊಲಿದಳು, ಅಂಗಡಿಯಲ್ಲಿ ಕೂತಳು, ಕಾಗದ ಮಾಡುವವರಿಗಾಗಿ ಹಳೇ ಬಟ್ಟೆಯ ಚಿಂದಿಗಳನ್ನು ಕೊಂಡಳು. ಅಂಗಡಿಯಲ್ಲಿ ಕಾಗದ, ಮಸಿ, ದಸ್ತೈವಜುಗಳ ನಮೂನೆಗಳು ಮಾರಾಟಕ್ಕಿದ್ದವು. ಕೊಂಡ ಕಾಗದವನ್ನು ಆತನು ಕೆಲವೊಮ್ಮೆ ತಾನೇ ಕೈಗಾಡಿಯಲ್ಲಿ ಬೀದಿಯೊಳಗೆ ತಳ್ಳಿಕೊಂಡು ಬರುತ್ತಿದ್ದನು. ದುಡಿಯುವದಲ್ಲದೆ ದುಡಿಯುವವನೆಂದು ಕಾಣಿಸಿಕೊಳ್ಳಬೇಕೆಂದೂ ಹಾಗೆ ಮಾಡಿದೆನೆಂದು ಆತನು ಮರೆಮಾಜದೆ ಒಪ್ಪಿಕೊಂಡಿದ್ದಾನೆ. ಕೈಮರನು ಸಾಲದಲ್ಲಿ ಮುಳುಗಿ ಎಲ್ಲವನ್ನು ಮಾರಿ ಬಾರ್ಬಡೋಸಿಗೆ ಹೋದನು. ಅವನ ಕೂಟವನ್ನು ಕೊಂಡ ಶಿಷ್ಯನಾದ ಹ್ಯಾರಿ ಎಂಬವನು ದೊರೆಯಂತೆ ಉಡುತ್ತಾ ಉಣ್ಣುತ್ತಾ ಇದ್ದು, ಕೆಲಸ ಕೈಬಿಟ್ಟು, ಅವನೂ ಬಾರ್ಬಡೋಸಿಗೆ ಹೋಗಿ, ತನ್ನ ಹಳೇ ಯಜಮಾನನಾದ ಕೈಮರನನ್ನೇ ಕೂಲಿಗೆ ಇಟ್ಟುಕೊಂಡನು! ಅಲ್ಲಿಯೂ ನಿಲ್ಲಲಾರದೆ ಮೊಳೆಗಳನ್ನು ಮಾರಿಬಿಟ್ಟು ಹೊಲಕ್ಕೆ ತಿರಿಗಿದನು. ಬ್ರಾಡ್‌ಫರ್ಡನ ಮಗನು ಅಂಚೆಯ ಅಧಿಕಾರವನ್ನು ಕಳಕೊಂಡದ್ದೂ ಲೆಕ್ಕವನ್ನು ಸಮಯಕ್ಕೆ ಒಪ್ಪಿಸದೆ ಹೋದದ್ದರಿಂದಲೇ. ಆ ಉದ್ಯೋಗವು 1737ರಲ್ಲಿ ಫ್ರಾಂಕ್ಲಿನನಿಗೆ ಬಂದಿತು, ಅದರೊಡನೆ ಪತ್ರಿಕೆಯ ಚಂದಾದಾರರೂ ಹೆಚ್ಚಿದರು.

ಆತನ ಲಾಭವೆಲ್ಲ ಶುದ್ಧವಾದದ್ದೆಂದು ನಾವು ಹೇಳುವದಿಲ್ಲ. ಆ ಪತ್ರಿಕೆಯಲ್ಲಿ ನೀಗ್ರೋ ದಾಸರ ಮಾರಾಟದ ಪ್ರಕಟಣೆಗಳೂ ಹಣಕ್ಕೆ ಅಚ್ಚಾದವು. ಆತನ ಮನೆಯಲ್ಲಿಯೂ ದಾಸರು ಇದ್ದರು. ಮುದಿತನದಲ್ಲಿ ದಾಸತ್ವವನ್ನು ತೆಗೆಯುವ ಸಂಘದ ಅಧ್ಯಕ್ಷನಾಗಿ, 1790ರಲ್ಲಿ ಸಂಯುಕ್ತ ಸಂಸ್ಥಾನಗಳ ಸಭೆಗೆ ಅರಿಕೆ ಕಳುಹಿಸಿದನು. ಸುವಾರ್ತಿಕನಾದ ವ್ಹಿಟ್‌ಫೀಲ್ಡನ ಪ್ರಸಂಗಗಳನ್ನೂ ದಿನಚರಿಗಳನ್ನೂ ಅಚ್ಚು ಹಾಕಿ ಬಹಳವಾಗಿ ಮಾರಿದನು, ಆತನಿಗೆ ಆಪ್ತ ಸ್ನೇಹಿತನೂ ಆಗಿದ್ದನು; ಆದರೂ ಆತನ ನಂಬಿಕೆಯಲ್ಲಿ ಪಾಲುಗಾರನಾಗಲಿಲ್ಲ.

ತಾನು ಪಾಲುಗಾರಿಕೆಯಲ್ಲಿ ಪಟ್ಟ ಪಾಡನ್ನು ಆತನು ಇತರರಿಗೆ ದಾರಿಯಾಗಿ ಮಾಡಿದನು. ತನ್ನಲ್ಲಿ ಚೆನ್ನಾಗಿ ನಡೆದ ಕೆಲಸಗಾರರನ್ನು ಬೇರೆ ಊರುಗಳಿಗೆ ಕಳುಹಿಸಿ ಅಚ್ಚುಕೂಟಗಳನ್ನು ಇಡಿಸಿದನು. 1731ರಲ್ಲಿ ಚಾರ್ಲ್ಸ್‌ಟನ್ ಪಟ್ಟಣದ್ದು ಮೊದಲನೆಯದು. ಯಂತ್ರವೂ ಮೊಳೆಗಳೂ ಫ್ರಾಂಕ್ಲಿನನವು. ಖರ್ಚಿನಲ್ಲಿ ಮೂರನೆಯ ಒಂದು ಪಾಲನ್ನು ಕೊಟ್ಟು ಲಾಭದಲ್ಲಿ ಮೂರನೆಯ ಒಂದು ಪಾಲನ್ನು ಆತನು ತೆಗೆದುಕೊಳ್ಳುವನು. ಆರು ವರುಷ ಕಳೆದ ಮೇಲೆ ಕೆಲಸಗಾರನು ಮೊಳೆಗಳನ್ನು ಕೊಂಡು ಸ್ವತಂತ್ರನಾಗಬಹುದು. ಯಾರು ಏನು ಮಾಡಬೇಕು, ಯಾರು ಏನು ಕೊಡಬೇಕು ಎಂಬದೆಲ್ಲ ಮುಂಚೆಯೇ ಬರೆಯಲ್ಪಟ್ಟದ್ದರಿಂದ ಇಂಥ ಪಾಲುಗಾರಿಕೆಗಳು ಬಹುಮಟ್ಟಿಗೆ ಸ್ನೇಹದಲ್ಲಿಯೇ ಮುಗಿದವು.

ಚಾರ್ಲ್ಸ್‌ಟನಿಗೆ ಮೊದಲು ಹೋದವನು ತೀರಿದ ಮೇಲೆ ತಿಮೊಥಿ ಎಂಬವನನ್ನು ಕಳುಹಿಸಿದರು. ಅವನು ಓದಿದವನು, ಸತ್ಯವಂತನು. ಲೆಕ್ಕ ಮಾತ್ರ ಅರಿಯನು. ಆಗಾಗ್ಗೆ ಹಣ ಕಳುಹಿಸುವನು, ಅದು ಯಾವದರ ಬಾಬೆಂದು ತಿಳಿಯದು; ಅವನು ಬದುಕಿರುವ ವರೆಗೆ ಸರಿಯಾದ ಲೆಕ್ಕ ಒಂದೂ ಬರಲಿಲ್ಲ. 1738ರಲ್ಲಿ ಅವನು ಸತ್ತಾಗ ಅವನ ಹೆಂಡತಿಯಾದ ಎಲಿಸಬೇತಳು ಎಳೆ ಮಕ್ಕಳೊಡನೆ ಉಳಿದಳು. ಅವಳು ಬೆಳೆದದ್ದು ಹಾಲೆಂಡಿನಲ್ಲಿ. ಅಲ್ಲಿ ಹೆಣ್ಣುಮಕ್ಕಳಿಗೂ ಲೆಕ್ಕ ಇಡುವದನ್ನು ಕಲಿಸುವ ವಾಡಿಕೆಯಿತ್ತು. ಗಂಡನ ಕಾಲದ ಗೋಜಲನ್ನು ಸಾಧ್ಯವಾದಷ್ಟು ಬಿಡಿಸಿ ಲೆಕ್ಕ ಕಳುಹಿಸಿದಳು. ಆಮೇಲೆ ಮೂರು ಮೂರು ತಿಂಗಳಿಗೆ ಒಂದು ದಿನವೂ ತಪ್ಪದೆ ಚೊಕ್ಕಟವಾದ ಲೆಕ್ಕ ಬಂದಿತು. ಪತ್ರಿಕೆಯನ್ನು ನಡಿಸಿದಳು, ಮಕ್ಕಳನ್ನು ಮಾನವಾಗಿ ಬೆಳೆಸಿದಳು, ಅವಧಿ ಮುಗಿದಾಗ ಅಚ್ಚುಕೂಟವನ್ನು ತಾನೇ ಕೊಂಡು ಮಗನನ್ನು ಅದರಲ್ಲಿ ನಿಲ್ಲಿಸಿದಳು. ಹೆಣ್ಣುಮಕ್ಕಳಿಗೆ ಸಂಗೀತ ನರ್ತನಗಳಿಗಿಂತ ಲೆಕ್ಕದ ವಿದ್ಯೆಯೇ ಹೆಚ್ಚು ಉಪಯೋಗವೆಂದೂ, ವಿಧವೆಯಾದಾಗ ಕಪಟಿಗಳ ಕೈಗೆ ಬೀಳದಂತೆ ಅದು ಕಾಯುವದೆಂದೂ ಫ್ರಾಂಕ್ಲಿನನು ಅಂದಿನಿಂದ ಹೇಳುತ್ತಿದ್ದನು. ಮಗಳನ್ನು ನಾಲ್ಕನೆಯ ತರಗತಿಗೆ ನಿಲ್ಲಿಸುವ ತಂದೆತಾಯಿಗಳಿಗೆ ಇದನ್ನು ಓದಿ ಹೇಳಿರಿ.

1748ರಲ್ಲಿ ತನ್ನ ಕೂಟದ ಮೇಲ್ವಿಚಾರಕನಾದ ಡೇವಿಡ್ ಹಾಲನೊಡನೆ 18 ವರುಷಗಳ ಪಾಲುಗಾರಿಕೆಯನ್ನು ಬರೆದು, ಕೆಲಸವನ್ನೆಲ್ಲ ಅವನಿಗೆ ಒಪ್ಪಿಸಿ, ಫ್ರಾಂಕ್ಲಿನನು 42ನೆಯ ವಯಸ್ಸಿನಲ್ಲಿ ಅಂಗಡಿಯಿಂದ ಹೊರಬಿದ್ದನು. ಲೋಕವು ಆತನನ್ನು ಅರಿತದ್ದೆಲ್ಲ ಆಮೇಲಿನ ಕೆಲಸಗಳಿಂದ. 1790ನೇ ಎಪ್ರಿಲ್ 17ರಂದು ಫಿಲದೆಲ್ಫಿಯದಲ್ಲಿ ತೀರಿಕೊಂಡನು. ಮರಣಶಾಸನಕ್ಕೆ ಹಿಂದಿನ ವರುಷ ಸೇರಿಸಿದ ಬರಹದಲ್ಲಿ ಆತನು ತನ್ನನ್ನು ಅಚ್ಚಿನ ಕಸುಬಿನವನೆಂದು ಕರೆದುಕೊಂಡು, ಎಳೆತನದಲ್ಲಿ ಇಬ್ಬರು ಗೆಳೆಯರ ಸಾಲದಿಂದ ತಾನು ನಿಂತದ್ದನ್ನು ನೆನಸಿ, ಬೋಸ್ಟನಿಗೂ ಫಿಲದೆಲ್ಫಿಯಕ್ಕೂ ಸಾವಿರ ಸಾವಿರ ಪೌಂಡನ್ನು ಬಿಟ್ಟನು. ಅದನ್ನು ಆಯಾ ಊರಿನಲ್ಲಿ ಕರಾರಿನ ಮೇರೆಗೆ ಕಸುಬು ಕಲಿತು ಮುಗಿಸಿದ, 25 ವರುಷಕ್ಕೆ ಕೆಳಗಿನ, ಮದುವೆಯಾದ ಕಸುಬುದಾರರಿಗೆ 15ರಿಂದ 60 ಪೌಂಡಿನ ವರೆಗೆ ಸಾಲವಾಗಿ ಕೊಡಬೇಕು. ನಡತೆಗೂ ಹಣಕ್ಕೂ ಇಬ್ಬರು ಗೌರವಸ್ಥರು ಜಾಮೀನಾಗಬೇಕು. ನೂರಕ್ಕೆ 5ರಂತೆ ಬಡ್ಡಿ, ಅಸಲಿನಲ್ಲಿ ಹತ್ತನೆಯ ಒಂದಂಶ ವರುಷವರುಷಕ್ಕೆ ತೀರಬೇಕು. ಬಂದ ಹಣ ತಿರಿಗಿ ಇನ್ನೊಬ್ಬನಿಗೆ ಹೋಗಬೇಕು. ಹೀಗೆ 200 ವರುಷ.

ಕಾರ್ಖಾನೆಗಳು ಹೆಚ್ಚಿದಂತೆ ಕರಾರಿನ ಮೇರೆಗೆ ಕಸುಬು ಕಲಿಯುವವರು ಕಡಿಮೆಯಾಗಿ, ಆತನು ನೆನಸಿದಷ್ಟು ಜನ ಸಾಲ ಕೇಳಲಿಲ್ಲ. ಕೊಟ್ಟದ್ದರಲ್ಲಿಯೂ ಕೆಲವು ಬಾಕಿ ನಿಂತವು. ಆದರೂ ಹಣ ಬೆಳೆಯಿತು. 1990ರ ಸುಮಾರಿಗೆ ಅವಧಿ ಮುಗಿದಾಗ ಫಿಲದೆಲ್ಫಿಯದ ನಿಧಿಯಲ್ಲಿ 20 ಲಕ್ಷ ಡಾಲರಿಗೆ ಮೇಲೂ, ಬೋಸ್ಟನಿನದರಲ್ಲಿ 50 ಲಕ್ಷದ ಹತ್ತಿರವೂ ಇದ್ದಿತು. ಮೊದಲನೆಯ ನೂರು ವರುಷ ಮುಗಿದಾಗ ಬೋಸ್ಟನಿನವರು ತಮ್ಮ ಪಾಲಿಗೆ ಬಂದ ಅಂಶಕ್ಕೆ, ನೇಕಾರನ ಮಗನಾಗಿ ಹುಟ್ಟಿ ಉಕ್ಕಿನ ವ್ಯಾಪಾರದಿಂದ ಐಶ್ವರ್ಯವಂತನಾದ ಆಂಡ್ರೂ ಕಾರ್ನೆಗಿಯು ಕೊಟ್ಟ ಅಷ್ಟೇ ಹಣವನ್ನು ಕೂಡಿಸಿ, 1908ರಲ್ಲಿ ಒಂದು ಕೈಗಾರಿಕೆಯ ಶಾಲೆಯನ್ನು ತೆರೆದರು. ಹಗಲೆಲ್ಲ ಕೂಲಿ ಮಾಡಿದವರು ಬಂದು ಕಲಿಯುವಂತೆ ಅಲ್ಲಿ ಪಾಠಗಳು ರಾತ್ರಿಯಲ್ಲಿ ನಡೆದವು.